ಪದಚರ್ಚೆ: ಅರಿಸ್ಟಾಟಲನ ‘ಆಪ್ಸಿಸ್’ಗೆ ಕನ್ನಡದಲ್ಲಿ ಏನು? (ಬೋರ್ಡು ಇವತ್ತೇ ಮುಗಿಯಬೇಕು)

ಎಲ್ಲರಿಗೂ ನಮಸ್ಕಾರ. ಕಾಲೇಜಿನ ರಂಗಶಿಬಿರಕ್ಕೆ ಆರು ಬೋರ್ಡು ಬರೆಸುತ್ತಿದ್ದೇನೆ. ಟ್ರ್ಯಾಜಿಡಿಗೆ, ಅಂದರೆ ದುರಂತ ನಾಟಕಕ್ಕೆ, ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೇಳಿದ ಆರು ಅಂಗಗಳು. ಮಿಥೋಸ್‌ಗೆ ಕಥಾವಸ್ತು, ಈಥೋಸ್‌ಗೆ ಪಾತ್ರ, ಡಯನೋಯಾಗೆ ವಿಚಾರ, ಲೆಕ್ಸಿಸ್‌ಗೆ ಮಾತು, ಮೆಲೊಸ್‌ಗೆ ಹಾಡು ಅಂತ ಹಾಕಿದ್ದೇನೆ. ಆಪ್ಸಿಸ್‌ಗೆ (ರಂಗದ ಮೇಲೆ ಕಣ್ಣಿಗೆ ಕಾಣುವುದಕ್ಕೆಲ್ಲ) ‘ದೃಶ್ಯ’ ಬರೆಸಿದರೆ ಹುಡುಗರು ‘ಯಾವ ಅಂಕದ್ದು ಸಾರ್?’ ಅಂತ ಕೇಳುತ್ತಾರೆ. ಪೇಂಟರ್ ಬ್ರಷ್ ಹಿಡಿದು ಕೂತಿದ್ದಾರೆ. ಒಂದೇ ಪದ ಸಾಕು.

*

‘ನೋಟ’ ಅನ್ನಿ, ಮುಗೀತು. ಅಚ್ಚಗನ್ನಡ ಕೈಗೆ ಸಿಗುವಾಗ ಸಂಸ್ಕೃತ ಯಾಕೆ? ಹಾಗೇ ‘ಕಥಾವಸ್ತು’ ಅಳಿಸಿ ‘ಹಂದರ’ ಹಾಕಿ. ಮಿಥೋಸ್ ಅಂದರೆ ಬರೀ ಕಥೆಯಲ್ಲ, ನಡೆದದ್ದನ್ನು ಜೋಡಿಸಿದ ಬಗೆ.

*

ಹಂದರ ಸರಿ, ನೋಟ ಸರಿಯಲ್ಲ. ನೋಟ ನೋಡುವವನದು, ಆಪ್ಸಿಸ್ ತೋರಿಸುವವನದು. ಅದು ಕವಿಗಿಂತ ವೇಷ, ಮುಖವಾಡ ಮಾಡಿಕೊಡುವವನ ಕಸುಬು ಅಂತ ಅರಿಸ್ಟಾಟಲನೇ ಹೇಳಿದ್ದಾನೆ. ಈಡಿಪಸ್ಸಿನ ಕಥೆ ಸುಮ್ನೆ ಕೇಳಿದರೂ ಮೈ ನಡುಗಬೇಕು ಅನ್ನುವವನು ಅವನು. ಕಂಪನಿ ನಾಟಕದವರ ‘ಸೀನ್‌ಸೀನರಿ’ ಇದೆಯಲ್ಲ, ಅದನ್ನೇ ಬರೆಸಿ. ನಗಬೇಡಿ. ಸೀನ್‌ನ ಬೇರು ಗ್ರೀಕಿನ ‘ಸ್ಕೇನೆ’. ಮೊದಲು ಗುಡಾರ, ಆಮೇಲೆ ರಂಗದ ಹಿಂದೆ ನಟರು ವೇಷ ಬದಲಿಸುತ್ತಿದ್ದ ಕಟ್ಟಡ. ನಮ್ಮ ಯಕ್ಷಗಾನದ ಚೌಕಿ ಇದ್ದ ಹಾಗೆ.

*

ಇಂಗ್ಲಿಷ್ ಪದಕ್ಕೆ ಗ್ರೀಕ್ ಜುಟ್ಟು ಕಟ್ಟಿದರೆ ಕನ್ನಡ ಆಗುವುದಿಲ್ಲ.

*

ಹಾಗಾದರೆ ‘ಕೇಂದ್ರ’ವನ್ನೂ ಬಿಡಿ. ಅದು ಗ್ರೀಕಿನ ಕೆಂಟ್ರಾನ್, ಸಂಸ್ಕೃತದ ಕೈ ಹಿಡಿದು ಬಂದದ್ದು. ಊರೂರಿನ ಆರೋಗ್ಯ ಕೇಂದ್ರದ ಬೋರ್ಡು ಅಳಿಸೋಕೆ ಏಣಿ ಇದೆಯಾ?

*

ಈ ಜಗಳದಲ್ಲಿ ನಿಜವಾದ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಈಥೋಸ್ ‘ಪಾತ್ರ’ ಅಲ್ಲ. ಪಾತ್ರ ಅಂದರೆ ವೇಷ ಹಾಕಿ ನಿಂತವನು. ಈಥೋಸ್ ಅಂದರೆ ಅವನು ಯಾವುದನ್ನು ಆರಿಸಿದ, ಯಾವುದನ್ನು ಬಿಟ್ಟ ಅನ್ನುವುದರಲ್ಲಿ ಕಾಣುವ ಸ್ವಭಾವ. ಕ್ರಿಯೆ ಇಲ್ಲದೆ ಟ್ರ್ಯಾಜಿಡಿ ಇಲ್ಲ, ಈಥೋಸ್ ಇಲ್ಲದೆ ಇರಬಹುದು ಅಂತಾನೆ ಅರಿಸ್ಟಾಟಲ್. ಅಲ್ಲಿ ನಿಮ್ಮ ‘ಪಾತ್ರ’ ಹಾಕಿ ಓದಿ ನೋಡಿ. ಪಾತ್ರವೇ ಇಲ್ಲದ ನಾಟಕ! ಪರದೆ ಎತ್ತಿದರೆ ಬರೀ ಹಲಗೆ. ‘ಸ್ವಭಾವ’ ಬರೆಸಿ.

*

ಎಲ್ಲರಿಗೂ ವಂದನೆ. ‘ಪಾತ್ರ’ದ ಮೇಲೆ ಬಿಳಿ ಬಳಿಸಿದೆ. ಎರಡಕ್ಷರದ ಜಾಗದಲ್ಲಿ ‘ಸ್ವಭಾವ’ ಹಿಡಿಸಲಿಲ್ಲ, ‘ಗುಣ’ ಆಯಿತು. ಮಿಥೋಸ್‌ಗೆ ‘ಹಂದರ’. ಆಪ್ಸಿಸ್‌ಗೆ ‘ರಂಗನೋಟ’.

*

ರಂಗ ಸಂಸ್ಕೃತ.