ಸಂಜೆ ಪಾಠ ಹೇಳುವವರಿಗೂ ಪೊಲೀಸ್ ವೆರಿಫಿಕೇಷನ್ ಬೇಕಾ?

ಪ್ರಶ್ನೆ (ಬಡಾವಣೆ ಸಂಘದ ಕಾರ್ಯದರ್ಶಿ, ದಾವಣಗೆರೆ):
ಮೇಡಂ, ನಮಸ್ಕಾರ. ನಮ್ಮ ಸಂಘದಿಂದ ಸಮುದಾಯ ಭವನದಲ್ಲಿ ಸಂಜೆ ಉಚಿತ ಪಾಠ ನಡೆಸುತ್ತೇವೆ. ಮೂರನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗಿನ ಮಕ್ಕಳು ಬರುತ್ತಾರೆ. ಜಾಸ್ತಿ ಜನರ ಅಪ್ಪ ಅಮ್ಮ ಮಂಡಕ್ಕಿ ಭಟ್ಟಿಗೋ ಗಾರೆ ಕೆಲಸಕ್ಕೋ ಹೋಗುವವರು. ಪಾಠ ಹೇಳುವವರು ನಮ್ಮ ಏರಿಯಾದ ಕಾಲೇಜು ಹುಡುಗ ಹುಡುಗಿಯರು, ಒಬ್ಬರು ರಿಟೈರ್ಡ್ ಮೇಷ್ಟ್ರು. ಮೊನ್ನೆ ಒಬ್ಬ ತಾಯಿ, ‘ಇವರದೆಲ್ಲ ಪೊಲೀಸ್ ವೆರಿಫಿಕೇಷನ್ ಆಗಿದೆಯಾ?’ ಅಂತ ಕೇಳಿದರು. ನಾವು ಸ್ಕೂಲ್ ಅಲ್ಲ. ಪುಕ್ಕಟೆ ಬಂದು ಪಾಠ ಹೇಳುವವರನ್ನು ಹೀಗೆ ಕೇಳಿದರೆ ಬೇಜಾರು ಮಾಡಿಕೊಳ್ಳಲ್ವಾ?

ಉತ್ತರ (ಮಕ್ಕಳ ರಕ್ಷಣೆ ತರಬೇತುದಾರರು, ಚಿತ್ರದುರ್ಗ):
ಆ ತಾಯಿ ಕೇಳಿದ್ದು ಸರಿಯಾಗಿದೆ ಸರ್. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯ 2020ರ ನಿಯಮಗಳು ಶಾಲೆಗಷ್ಟೇ ಅಲ್ಲ, ಮಕ್ಕಳ ಜೊತೆ ನಿತ್ಯ ಒಡನಾಟ ಇರುವ ಸಂಸ್ಥೆಗಳಿಗೆಲ್ಲ ಅನ್ವಯಿಸುತ್ತವೆ. ಸಿಬ್ಬಂದಿಯ ಪೊಲೀಸ್ ವೆರಿಫಿಕೇಷನ್ ಆಗಾಗ ಆಗುತ್ತಿರಬೇಕು ಅನ್ನುತ್ತವೆ. ಸಂಬಳ ಇಲ್ಲದವರದೂ ಮಾಡಿಸಿ ಅಂತಲೇ ನಾನು ಹೇಳುವುದು. ಮಗುವಿನ ಪಾಲಿಗೆ ಇಬ್ಬರೂ ಟೀಚರೇ ಅಲ್ವಾ? ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು.

ಒಬ್ಬಿಬ್ಬರನ್ನು ಮಾತ್ರ ಕೇಳಿದರೆ ಬೇಜಾರು ಖಂಡಿತ. ಅಧ್ಯಕ್ಷರು, ನೀವು, ಮೇಷ್ಟ್ರು, ಭವನದ ಬೀಗ ತೆಗೆಯುವವರು ಮೊದಲು ಮಾಡಿಸಿ. ಆಮೇಲೆ ಹುಡುಗರು ತಾವಾಗಿಯೇ ಕೊಡುತ್ತಾರೆ.

ಆದರೆ ಸರ್ಟಿಫಿಕೇಟ್ ಬಂತು ಅಂತ ಸುಮ್ನೆ ಕೂರಬೇಡಿ. ಹಿಂದೆ ಕೇಸ್ ಆಗಿದೆಯಾ ಇಲ್ಲವಾ ಅನ್ನುವುದಷ್ಟೇ ಅದರಿಂದ ಗೊತ್ತಾಗುವುದು. ಪಾಠ ನಡೆಯುವಾಗ ಕಡಿಮೆ ಅಂದರೂ ಇಬ್ಬರು ದೊಡ್ಡವರು ಇರಲಿ. ಬಾಗಿಲು ತೆಗೆದೇ ಇರಲಿ. ಟೀಚರ್ ಮಗುವಿಗೆ ಪ್ರತ್ಯೇಕ ಮೆಸೇಜ್ ಮಾಡುವುದು ಬೇಡ, ಪೋಷಕರಿರುವ ಗ್ರೂಪಿನಲ್ಲೇ ಹಾಕಲಿ.

ನನಗೆ ಜಾಸ್ತಿ ಚಿಂತೆ ಪಾಠ ಮುಗಿದ ಮೇಲಿನ ಹೊತ್ತಿನದು. ಅಮ್ಮ ಭಟ್ಟಿಯಿಂದ ಬರುವುದು ತಡವಾಗುತ್ತದೆ. ಯಾರೋ ಒಬ್ಬರು ‘ನಾನೇ ಬೈಕಲ್ಲಿ ಬಿಟ್ಟು ಬರ್ತೀನಿ’ ಅನ್ನುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಅನ್ನಬಹುದು, ಆದರೂ ಬೇಡ. ಹಾಜರಿ ಪುಸ್ತಕದಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ, ಕರೆದುಕೊಂಡು ಹೋಗುವ ಇಬ್ಬರ ಹೆಸರು, ಫೋನ್ ನಂಬರ್ ಬರೆದಿಡಿ. ಅವರಿಗೇ ಒಪ್ಪಿಸಿ, ಸಹಿ ಹಾಕಿಸಿಕೊಳ್ಳಿ. ಸಹಿ ಬರದವರು ಹೆಬ್ಬೆಟ್ಟು ಒತ್ತಲಿ. ತಡವಾದ ದಿನ ಇಬ್ಬರು ಜೊತೆಗಿದ್ದು ಕಾಯಿರಿ.

ಮರುಪ್ರಶ್ನೆ:
ಯಾವುದಾದರೂ ಮಗು ಏನಾದರೂ ಹೇಳಿಕೊಂಡರೆ? ನಮ್ಮ ಹಿರಿಯರು ‘ಮೊದಲು ಸಂಘದಲ್ಲಿ ಕೂತು ಮಾತಾಡೋಣ, ಹುಡುಗಿಯ ಮರ್ಯಾದೆ ಪ್ರಶ್ನೆ’ ಅನ್ನುತ್ತಾರೆ.

ಉತ್ತರ:
ಕೈ ಮುಗಿದು ಕೇಳುತ್ತೇನೆ, ಹಾಗೆ ಮಾಡಬೇಡಿ. ಸಭೆ ಸೇರುವಷ್ಟರಲ್ಲಿ ಮಗು ಅದೇ ಕಥೆಯನ್ನು ಹತ್ತು ಜನರ ಮುಂದೆ ಹೇಳಬೇಕಾಗುತ್ತದೆ. ತಪ್ಪು ಮಾಡಿದವನಿಗೂ ಸುದ್ದಿ ಮುಟ್ಟಿರುತ್ತದೆ. ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ, ಆಗಬಹುದು ಅನ್ನುವ ಆತಂಕ ಇದ್ದರೂ, ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ತಿಳಿಸದಿದ್ದರೆ 1 ವರ್ಷದವರೆಗೆ ಜೈಲು, ಜೊತೆಗೆ ದಂಡ. ಒಳ್ಳೆ ಉದ್ದೇಶದಿಂದ ದೂರು ಕೊಟ್ಟವರ ಮೇಲೆ ಕೇಸ್ ಆಗುವುದಿಲ್ಲ. ಸ್ಟೇಷನ್‌ಗೆ ಹೋಗಲು ಅಳುಕಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ.

ಮರ್ಯಾದೆಯ ಬಗ್ಗೆ ಹಿರಿಯರಿಗೆ ಹೀಗೆ ಹೇಳಿ: ಮಗುವಿನ ಗುರುತು ಎಲ್ಲೂ ಹೊರಬರಬಾರದು ಅಂತ ಕಾನೂನೇ ಇದೆ. ಹೇಳಿಕೆ ತೆಗೆದುಕೊಳ್ಳುವಾಗ ಪೊಲೀಸರು ಯೂನಿಫಾರ್ಮ್ ಹಾಕುವಂತಿಲ್ಲ, ಮಗುವಿನ ಮನೆಯಲ್ಲೇ ತೆಗೆದುಕೊಳ್ಳಬಹುದು. ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು.

ಮಗು ಹೇಳುವಾಗ ‘ನೀನ್ಯಾಕೆ ಅಲ್ಲಿಗೆ ಹೋದೆ?’ ಅನ್ನಬೇಡಿ. ‘ಹೇಳಿದ್ದು ಒಳ್ಳೇದಾಯ್ತು, ನಿಂದೇನೂ ತಪ್ಪಿಲ್ಲ ಪುಟ್ಟಿ’ ಅಂದರೆ ಸಾಕು. ‘ಯಾರಿಗೂ ಹೇಳಲ್ಲ’ ಅಂತ ಭಾಷೆ ಕೊಡಬೇಡಿ, ಉಳಿಸಿಕೊಳ್ಳಲು ಆಗುವುದಿಲ್ಲ. ಮಗು ಆಡಿದ ಮಾತನ್ನು ಹಾಗೇ ಬರೆದು, ದಿನಾಂಕ, ಸಮಯ ಹಾಕಿ.

ಇನ್ನೊಬ್ಬ ಸದಸ್ಯರು:
ಮೇಡಂ, ‘ಎರಡೇಟು ಹಾಕಿ, ಚೆನ್ನಾಗಿ ಓದ್ತಾನೆ’ ಅಂತ ಪೋಷಕರೇ ಹೇಳುತ್ತಾರಲ್ಲ?

ಉತ್ತರ:
ಹೇಳುತ್ತಾರೆ. ಆದರೂ ಬೆತ್ತ ಒಳಗೆ ಬರಲೇಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನೂ, ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಸಂಜೆ ಪಾಠಕ್ಕೂ ಅದೇ ನಿಯಮ ಇಟ್ಟುಕೊಳ್ಳಿ. ಎಷ್ಟೋ ಸಲ ಏಟು ತಿನ್ನುವ ಹುಡುಗನಿಗೆ ಓದಲೇ ಬರುತ್ತಿರುವುದಿಲ್ಲ. ಏಳನೇ ಕ್ಲಾಸಿನವನ ಕೈಗೆ ಎರಡನೇ ಕ್ಲಾಸಿನ ಕನ್ನಡ ಪುಸ್ತಕ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿಸಿ ನೋಡಿ. ಒತ್ತಕ್ಷರದಲ್ಲಿ ತಡವರಿಸಿದರೆ ಗೈಡ್ ಪಕ್ಕಕ್ಕಿಟ್ಟು ಅಲ್ಲಿಂದಲೇ ಶುರು ಮಾಡಿ. ಮೂರು ತಿಂಗಳಿಗೊಮ್ಮೆ ಹೀಗೇ ಓದಿಸಿ, ಎಲ್ಲಿಗೆ ಬಂದಿದ್ದಾನೆ ಅಂತ ಬರೆದಿಟ್ಟು ಅಪ್ಪ ಅಮ್ಮನಿಗೆ ತೋರಿಸಿ.