ರೂಬೆನ್ಸನ ಕರಡುಚಿತ್ರ: ‘ಅಲಿಗರಿ’ಗೆ ರೂಪಕವೋ, ಅನ್ಯೋಕ್ತಿಯೋ?

ಮಾನ್ಯರೆ,

ಫ್ಲಾಂಡರ್ಸಿನ ಚಿತ್ರಕಾರ ಪೀಟರ್ ಪಾಲ್ ರೂಬೆನ್ಸನ ಒಂದು ಪುಟ್ಟ ಚಿತ್ರಕ್ಕೆ ಕನ್ನಡದಲ್ಲಿ ಅಡಿಬರಹ ಬರೆಯಲು ಹೊರಟ ನನಗೆ ‘ಆಯಿಲ್ ಸ್ಕೆಚ್’, ‘ಅಲಿಗರಿ’ ಎಂಬ ಎರಡು ಪದಗಳು ತೊಡಕಾಗಿವೆ. ಫ್ರಾನ್ಸಿನ ರಾಜಮಾತೆ ಮರೀ ದ ಮೆದಿಚಿ ಪ್ಯಾರಿಸಿನ ಲಕ್ಸೆಂಬರ್ಗ್ ಅರಮನೆಗಾಗಿ 1622ರಲ್ಲಿ ಅವನಿಂದ ಬರೆಸತೊಡಗಿದ 24 ದೊಡ್ಡ ಚಿತ್ರಗಳಲ್ಲಿ ಒಂದು, 1601ರ ಸೆಪ್ಟೆಂಬರ್ 27ರಂದು ಫಾಂಟೆನ್‌ಬ್ಲೋದಲ್ಲಿ ಆದ ಅವಳ ಮಗ 13ನೆಯ ಲೂಯಿಯ ಜನನವನ್ನು ಕುರಿತದ್ದು. ದೊಡ್ಡ ಚಿತ್ರ ಲೂವ್ರ್ ಸಂಗ್ರಹಾಲಯದಲ್ಲಿದೆ. ಅದಕ್ಕೆಂದು ಅವನು ಮರದ ಹಲಗೆಯ ಮೇಲೆ ಮೊದಲು ಬರೆದುಕೊಂಡ ‘ಆಯಿಲ್ ಸ್ಕೆಚ್’ ಮ್ಯೂನಿಕ್‌ನ ಆಲ್ಟೆ ಪಿನಕೊಥೆಕ್‌ನಲ್ಲಿದೆ.

ಸ್ಕೆಚ್ಚಿಗೆ ರೂಢಿಯಲ್ಲಿರುವ ‘ರೇಖಾಚಿತ್ರ’ ಇಲ್ಲಿ ಸಲ್ಲದು, ಏಕೆಂದರೆ ಗೆರೆಗಿಂತ ಕುಂಚದ ಬೀಸೇ ಇಲ್ಲಿ ಎಲ್ಲವನ್ನೂ ಹೇಳುತ್ತದೆ. ಬರೆಸುವವರ ಒಪ್ಪಿಗೆಗೆ ತೋರಿಸಲು, ಆಮೇಲೆ ಶಿಷ್ಯರು ನೋಡಿಕೊಂಡು ದೊಡ್ಡದಾಗಿ ಎತ್ತಿ ಬರೆಯಲು ಇಂಥವನ್ನು ಮಾಡುತ್ತಿದ್ದುದರಿಂದ ‘ಎಣ್ಣೆಬಣ್ಣದ ಕರಡು’ ಎನ್ನುವುದು ನನಗೆ ಒಪ್ಪಿಗೆಯಾಗಿದೆ. ಕರಡು ಎಂಬುದಕ್ಕೆ ಒರಟು ಎಂಬ ಅರ್ಥವೂ ಇರುವುದು ಇಲ್ಲಿ ಅನುಕೂಲವೇ.

ನಿಜವಾದ ಕಷ್ಟ ‘ಅಲಿಗರಿ’ಯದು, ಎಂದರೆ ಗುಣ, ಭಾವಗಳನ್ನು ವ್ಯಕ್ತಿಗಳಾಗಿಸಿ ಅವರಿಂದ ಕಥೆ ನಡೆಸುವ ಬಗೆಯದು. ನಡುವೆ ದಣಿದು ಒರಗಿ ಕುಳಿತವಳು ನಿಜವಾದ ರಾಣಿ (ನಮ್ಮ ‘ಬಾಣಂತಿ’ ಎಂಬ ಒಂದೇ ಮಾತು ಅವಳ ಆ ಮುಖಭಾವವನ್ನೆಲ್ಲ ಹಿಡಿದುಬಿಡುತ್ತದೆ). ಕೂಸನ್ನು ಎತ್ತಿಕೊಂಡಿರುವುದು ಮಾತ್ರ ಸೂಲಗಿತ್ತಿಯಲ್ಲ, ತೋಳಿಗೆ ಹಾವು ಸುತ್ತಿಕೊಂಡ ಆರೋಗ್ಯ. ರಾಣಿಯ ಬಳಿ ಸಂತಾನಸಮೃದ್ಧಿ ಹಿಡಿದ ಕೊಂಬು, ಅದರಲ್ಲಿ ಹಣ್ಣುಹೂಗಳ ನಡುವೆ ಮುಂದೆ ಹುಟ್ಟಲಿರುವ 5 ಮಕ್ಕಳ ತಲೆಗಳು. ಮೇಲೆ ಸೂರ್ಯದೇವನ ರಥ. ಇದನ್ನು ‘ಸಾಂಕೇತಿಕ’ ಎಂದರೆ ತೀರ ಸಡಿಲವಾಗುತ್ತದೆ. ‘ಅನ್ಯೋಕ್ತಿ’ ಎನ್ನಲು, ಅಲ್ಲಿ ಹೇಳಬೇಕಾದದ್ದು ಮರೆಯಲ್ಲಿದ್ದು ಬೇರೊಂದೇ ಎದುರಿಗಿರಬೇಕು. ಇಲ್ಲಿಯೋ ರಾಣಿಯೇ ಎದುರಿಗಿದ್ದಾಳೆ. ಉಳಿದದ್ದು ‘ರೂಪಕ’. ಆದರೆ ಅದು ಅಲಂಕಾರದ ಹೆಸರೂ ಹೌದು, ನಾಟಕದ ಹೆಸರೂ ಹೌದು. ‘ರಾಜಕುಮಾರನ ಜನನ ರೂಪಕ’ ಎಂದು ಬರೆದರೆ ಓದುಗರು ಆಕಾಶವಾಣಿಯನ್ನು ನೆನೆದಾರು.

ವಸ್ತು ಮಾತ್ರ ನಮಗೆ ಹೊಸದಲ್ಲ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಬನವಸೆಯ ಅರಸ ಮಮಕಾರನಿಗೂ ಅವನ ರಾಣಿ ಮೋಹಿನಿಗೂ ಮಗಳಾಗಿ ಹುಟ್ಟುವವಳು ಮಾಯೆ. ಅಲ್ಲಮನ ತಂದೆತಾಯಿಗಳ ಹೆಸರು ನಿರಹಂಕಾರ, ಸುಜ್ಞಾನಿ. ಭಾವವೇ ಆಳಾಗಿ ನಡೆದಾಡುವ, ಅದೂ ಅರಮನೆಯಲ್ಲೇ ಹೆರಿಗೆಯಾಗುವ ಕಾವ್ಯ ಕನ್ನಡದಲ್ಲಿದ್ದು, ಆ ಬಗೆಗೆ ಎಲ್ಲರೂ ಒಪ್ಪುವ ಒಂದು ಹೆಸರು ನೆಲೆಗೊಳ್ಳದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಒಂದು ಗುಣವನ್ನು ವ್ಯಕ್ತಿಯಾಗಿಸುವುದಕ್ಕೆ ‘ಮೂರ್ತೀಕರಣ’ ಸಾಕು; ಅಂಥ ಹಲವು ಮೂರ್ತಿಗಳು ಕೂಡಿ ಒಂದು ಕಥೆ ನಡೆಸುವುದಕ್ಕೆ ಅದು ಸಾಲದು.

ಸದ್ಯಕ್ಕೆ ನನ್ನ ಅಡಿಬರಹ ಹೀಗಿದೆ: ‘13ನೆಯ ಲೂಯಿಯ ಜನನ, ರೂಪಕಚಿತ್ರ, ಎಣ್ಣೆಬಣ್ಣದ ಕರಡು’. ‘ಚಿತ್ರ’ ಸೇರಿದ್ದರಿಂದ ನಾಟಕದ ಭ್ರಮೆ ತಪ್ಪಿತಾದರೂ, ‘ರೂಪಕ’ದಿಂದ ಬರಿಯ ಹೋಲಿಕೆಯನ್ನಷ್ಟೇ ಗ್ರಹಿಸುವ ಅಪಾಯ ಉಳಿದಿದೆ. ಪ್ರಭುಲಿಂಗಲೀಲೆಯನ್ನು ಪಾಠ ಹೇಳುವವರು ತರಗತಿಯಲ್ಲಿ ಈ ಬಗೆಯನ್ನು ಯಾವ ಪದದಿಂದ ಕರೆಯುತ್ತಾರೆಂದು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.