ಸಹಾಯ ಬೇಕು: ನಿರ್ಧಾರ ಟೀಮ್‌ಗೇ ಬಿಟ್ಟಿದ್ರೂ ಎಲ್ಲಾ ನನ್ನ ಹತ್ರಾನೇ ಬರ್ತಿದೆ

ಎಲ್ರಿಗೂ ನಮಸ್ಕಾರ. ಒಂಬತ್ತು ಜನರ ಕಸ್ಟಮರ್ ಸಪೋರ್ಟ್ ಟೀಮ್ ನೋಡ್ಕೋತೀನಿ. ಎರಡು ಡಿಪಾರ್ಟ್‌ಮೆಂಟ್ ಸೇರಿಸಿ ಒಂದು ಮಾಡ್ದಾಗ ಮಧ್ಯದ ಒಂದು ಹಂತದ ಮ್ಯಾನೇಜರ್‌ಗಳನ್ನ ತೆಗೆದು, ಇನ್ಮೇಲೆ ಸಣ್ಣಪುಟ್ಟ ನಿರ್ಧಾರ ಟೀಮ್‌ನವ್ರೇ ತಗೊಳ್ಳಿ ಅಂದ್ರು. ನಂಗೆ ನಿಜವಾಗ್ಲೂ ಖುಷಿ ಆಯ್ತು. ಆದ್ರೆ ಮೂರು ತಿಂಗಳಾದ್ರೂ ಪ್ರತಿ ರೀಫಂಡ್‌ಗೂ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದು "ಮಾಡ್ಲಾ ಮೇಡಂ?" ಅಂತ ನಿಲ್ತಾರೆ.

ಯಾವ ಕೆಲಸ ಯಾರು ಮಾಡ್ಬೇಕು, ಕೊನೇ ಹೊಣೆ ಯಾರ್ದು, ಯಾರನ್ನ ಕೇಳ್ಬೇಕು, ಯಾರಿಗೆ ತಿಳಿಸಿದ್ರೆ ಸಾಕು ಅಂತ ರಾಸಿ ಚಾರ್ಟ್ ಮಾಡಿ ಹಂಚ್ದೆ, ಟ್ರೈನಿಂಗೂ ಕೊಡಿಸ್ದೆ, ಒಬ್ಬೊಬ್ರನ್ನೇ ಕೂರಿಸ್ಕೊಂಡು ಮಾತಾಡ್ದೆ. ಆಗ ಗೊತ್ತಾಗಿದ್ದು, ಶುರುವಲ್ಲಿ ಒಬ್ಬ ಹುಡುಗ ತನ್ನ ಲಿಮಿಟ್ ಒಳಗೇ ರೀಫಂಡ್ ಕೊಟ್ಟಿದ್ದಕ್ಕೆ ನನ್ನ ಮೇಲಿನವ್ರು ಎಲ್ಲರಿಗೂ ಕಾಪಿ ಇಟ್ಟು "ಇದಕ್ಕೆ ಅಪ್ರೂವಲ್ ಯಾರು ಕೊಟ್ರು" ಅಂತ ಮೇಲ್ ಹಾಕಿದ್ರಂತೆ, ಅವತ್ತಿಂದ ಯಾರಿಗೂ ಧೈರ್ಯ ಇಲ್ಲ. ಟೀಮ್‌ನವ್ರದ್ದೇನೂ ತಪ್ಪಿಲ್ಲ ಅನ್ಸತ್ತೆ ನಂಗೆ.

ಈಗ ಮೊದ್ಲು ಮೇಲಿನವ್ರ ಹತ್ರ ಲಿಮಿಟ್‌ನ ಲಿಖಿತವಾಗಿ ಒಪ್ಪಿಸ್ಕೊಳ್ಳೋದಾ, ಇಲ್ಲಾ ತಪ್ಪಾದ್ರೆ ಹೊಣೆ ನಂದು ಅಂತ ಟೀಮ್‌ಗೆ ಹೇಳಿ ಮುಂದುವರಿಯೋದಾ? ಇಂಥದ್ದನ್ನ ಸರಿಮಾಡಿದವ್ರು ಯಾವುದ್ರಿಂದ ಶುರು ಮಾಡಿದ್ರಿ, ದಯವಿಟ್ಟು ಹೇಳಿ.